ನಾಲ್ಕು ಬೆರಳಿನ ತಕರಾರು

ಬಂಟ್ವಾಳದ ಕ್ಲಬ್ಬಿನಲ್ಲಿ ರುಕ್ಮಯ್ಯ ಶೆಟ್ಟರಷ್ಟು ಚಂದ ಟೆನಿಸ್ ಆಡುವವರು ಇರಲಿಲ್ಲ. ಅವರಷ್ಟು ಸೋಲುವವರೂ ಇರಲಿಲ್ಲ. ಚಂದಕ್ಕೂ ಗೆಲುವಿಗೂ ಏನೋ ಸಂಬಂಧ ಇರಲೇಬೇಕೆಂದು ಅವರು ಬಹಳ ಕಾಲ ನಂಬಿದ್ದರು. ಪೇಟೆಯಲ್ಲಿ ಅವರದ್ದೊಂದು ಹೆಂಚಿನ ಡಿಪೋ. ಹೆಂಚಿನ ಲೋಡಿಗೆಂದು ಮಂಗಳೂರಿಗೆ ಹೋದಾಗ ಅಲ್ಲಿ ದೊಡ್ಡ ಮನುಷ್ಯರು ಬಿಳಿ ಪ್ಯಾಂಟು ತೊಟ್ಟು ಆಡುವುದನ್ನು ಬೇಲಿಯಾಚೆ ನಿಂತು ನೋಡಿ, ಇದೊಂದನ್ನು ಮಾಡದೆ ಸಾಯಬಾರದು ಅನ್ನಿಸಿಬಿಟ್ಟಿತ್ತು. ಹೊಸ ರ‍್ಯಾಕೆಟ್ ಬಂತು. ಉಮ್ಮರ್ ಬ್ಯಾರಿಯವರ ಜವಳಿ ಅಂಗಡಿಯಿಂದ ಬಿಳಿ ಬಟ್ಟೆ ಬಂತು, ಹೊಲಿಸಿದ್ದಾಯಿತು. ಆಟ ಬರುವುದು ಮಾತ್ರ ಬಾಕಿ ಇತ್ತು.

ಅಂಗಳದ ಬಗ್ಗೆ ದೂರು ಹೇಳುವ ಹಾಗಿರಲಿಲ್ಲ. ಕೆಂಪು ಮುರಕಲ್ಲಿನ ಮಣ್ಣನ್ನು ಬಡಿದು ಗಟ್ಟಿ ಮಾಡಿ, ಭತ್ತ ಹೊಡೆಯುವ ಅಂಗಳದ ಹಾಗೆಯೇ ಸೆಗಣಿ ಸಾರಿಸಿ, ಸುಣ್ಣದಲ್ಲಿ ಗೆರೆ ಎಳೆದಿದ್ದರು. ನಡುವಿನ ಬಲೆಯನ್ನು ನೇತ್ರಾವತಿಯಲ್ಲಿ ಮೀನು ಹಿಡಿಯುವವರು ಹೆಣೆದುಕೊಟ್ಟಿದ್ದರು. ಅದರಲ್ಲಿ ಸಿಕ್ಕಿದ ಚೆಂಡು ಸುಲಭದಲ್ಲಿ ಹೊರಗೆ ಬರುತ್ತಿರಲಿಲ್ಲ.

ದೂರು ಇದ್ದದ್ದು ಎದುರಾಳಿಯ ಬಗ್ಗೆ. ನಿವೃತ್ತ ಶಿರಸ್ತೇದಾರ ಚಿನ್ನಯ್ಯನವರು ರುಕ್ಮಯ್ಯನವರ ನೆರೆಮನೆಯವರು. ಎರಡು ಮನೆಗೂ ನಡುವೆ ಒಂದೇ ಬಾವಿ. ಈ ಚಿನ್ನಯ್ಯನವರು ಪಂಚೆ ಎತ್ತಿಕಟ್ಟಿ ಬರಿಗಾಲಲ್ಲಿ ಆಡುತ್ತಿದ್ದರು. ಅವರ ರ‍್ಯಾಕೆಟ್ಟಿನ ತಂತಿಗಳಲ್ಲಿ ಅರ್ಧದಷ್ಟು ಸಣಬಿನ ಹುರಿ. ಓಡುವುದೆಂದರೆ ಆಗದು. ನಿಂತಲ್ಲೇ ನಿಂತು, ಬಂದ ಚೆಂಡನ್ನೆಲ್ಲ ಆಕಾಶಕ್ಕೆ ಎತ್ತಿಬಿಡುವುದೊಂದೇ ಅವರ ವಿದ್ಯೆ. ಚೆಂಡು ಮೇಲೆ ಹೋಗಿ ಕೆಳಗೆ ಬರುವಷ್ಟರಲ್ಲಿ ಎದುರಿನವನಿಗೆ ಬಾಯಾರಿಕೆ, ಆಕಳಿಕೆ, ಸಿಟ್ಟು ಎಲ್ಲ ಬಂದು ಹೋಗುತ್ತಿತ್ತು. ಅದು ಸಾಲದೆಂದು ಮಾತು ಬೇರೆ. ರುಕ್ಮಯ್ಯನವರು ಸರ್ವಿಸ್ ಮಾಡಲು ಚೆಂಡು ಮೇಲೆ ಎಸೆದ ಕ್ಷಣಕ್ಕೆ ಸರಿಯಾಗಿ, “ಶೆಟ್ರೇ, ಮಾಣಿ ಪೇಟೆಯ ಆ ಗಿರಾಕಿ ಹೆಂಚು ವಾಪಸು ಕಳಿಸಿದನಂತೆ, ಹೌದಾ?” ಎಂಬ ಪ್ರಶ್ನೆ ಬರುತ್ತಿತ್ತು. ಇನ್ನು ಗೆರೆಯ ಹತ್ತಿರ ಬಿದ್ದ ಚೆಂಡಿನ ತೀರ್ಪು ಕೇಳಲೇಬೇಡಿ. ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ ಶಿರಸ್ತೇದಾರರ “ಔಟ್!” ನೆಲಕ್ಕೆ ಬಿದ್ದಿರುತ್ತಿತ್ತು.

ಹೀಗಿರಲು ಬೇಸಿಗೆಯ ಒಂದು ಸಂಜೆ, ಹೇಗೆಂದು ದೇವರಿಗೇ ಗೊತ್ತು, ರುಕ್ಮಯ್ಯನವರು ಗೆಲ್ಲುವ ಹಂತಕ್ಕೆ ಬಂದುಬಿಟ್ಟರು. ಇನ್ನೊಂದು ಪಾಯಿಂಟ್ ಸಾಕು. ಚಿನ್ನಯ್ಯನವರು ಎಂದಿನಂತೆ ಚೆಂಡನ್ನು ಮೇಲೆತ್ತಿದರು. ಅದು ಮೇಲೆ ಹೋಯಿತು, ಅಲ್ಲೇ ಸ್ವಲ್ಪ ಯೋಚನೆ ಮಾಡಿತು, ಕೆಳಗೆ ಬಂತು. ರುಕ್ಮಯ್ಯನವರು ಇದ್ದಬದ್ದ ಬಲವನ್ನೆಲ್ಲ ಸೇರಿಸಿ ಬಾರಿಸಿದರು.

“ಔಟ್!” ಎಂದರು ಚಿನ್ನಯ್ಯನವರು.

“ಎಂತ ಔಟ್? ನಾಲ್ಕು ಬೆರಳು ಒಳಗೆ ಬಿದ್ದದ್ದು!”

“ಹೊರಗೆ ಬಿದ್ದದ್ದು ಮಾರಾಯ್ರೆ. ನಾನಿಲ್ಲಿಯೇ ನಿಂತಿದ್ದೇನೆ.”

ರುಕ್ಮಯ್ಯನವರು ಬೆಂಚಿನ ಕಡೆ ತಿರುಗಿದರು. ಅಲ್ಲಿ ಉಮ್ಮರ್ ಬ್ಯಾರಿಯವರು ಛತ್ರಿ ಊರಿಕೊಂಡು ಕೂತಿದ್ದರು. “ಬ್ಯಾರಿಗಳೇ, ನೀವು ಹೇಳಿ.”

ಉಮ್ಮರ್ ಬ್ಯಾರಿಯವರು ಗಡ್ಡ ನೀವಿಕೊಂಡರು. “ನಾನು ಸರೀ ನೋಡಿದ್ದೇನೆ. ಆದ್ರೆ ಹೇಳೂದಿಲ್ಲ. ಹೇಳಿದ್ರೆ ನಿಮ್ಮಲ್ಲಿ ಒಬ್ರು ಇನ್ನು ನನ್ನ ಅಂಗಡಿಗೆ ಬರೂದಿಲ್ಲ. ಎರಡು ಮನೆಯಲ್ಲೂ ಮದುವೆ ಪ್ರಾಯದ ಮಕ್ಕಳಿದ್ದಾರೆ.”

ಆಗ ರುಕ್ಮಯ್ಯನವರ ಬಾಯಿಂದ ಆ ಮಾತು ಬಂತು. “ಹಾಗಾದ್ರೆ ಚಿನ್ನಯ್ಯಣ್ಣ, ಔಟ್ ಅಂತ ಧರ್ಮಸ್ಥಳದಲ್ಲಿ ಮಂಜುನಾಥನ ಆಣೆ ಹಾಕ್ತೀರಾ?”

ಉಮ್ಮರ್ ಬ್ಯಾರಿಯವರ ಛತ್ರಿ ಕೈಯಿಂದ ಜಾರಿತು. ಬೇರೆ ಊರಿನಲ್ಲಿ ಜನ ಕಾಫಿಯ ರುಚಿಯ ಮೇಲೂ ಆಣೆ ಇಡುತ್ತಾರಂತೆ. ನಮ್ಮ ಕಡೆ ಹಾಗಲ್ಲ. ಧರ್ಮಸ್ಥಳದ ಹೆಸರು ಹೇಳಿ ಆಣೆಯ ಮಾತು ಆಡಿದರೆ ಮುಗಿಯಿತು. ಅಲ್ಲಿಗೆ ಹೋಗಿ ಅದನ್ನು ತೀರಿಸಿ ಬರುವ ತನಕ ಎರಡು ಮನೆಗಳ ನಡುವೆ ನೀರಿಲ್ಲ, ಬೆಂಕಿಯಿಲ್ಲ, ಒಟ್ಟಿಗೆ ಊಟವಿಲ್ಲ. ತಂದೆಯ ಕಾಲದ ಆಣೆಯನ್ನು ಮೊಮ್ಮಕ್ಕಳು ಹೋಗಿ ಬಿಡಿಸಿಕೊಂಡು ಬಂದದ್ದೂ ಉಂಟು.

ಚಿನ್ನಯ್ಯನವರು ಪಂಚೆಯನ್ನು ನಿಧಾನವಾಗಿ ಕೆಳಗೆ ಬಿಟ್ಟುಕೊಂಡರು. “ಆಯ್ತು. ನೀವೇ ಬಾಯಿ ಬಿಟ್ಟು ಹೇಳಿದ್ದಲ್ವಾ. ಹೋಗುವ,” ಎಂದಷ್ಟೇ ಹೇಳಿ ನಡೆದರು.

ರುಕ್ಮಯ್ಯನವರು ಮನೆಗೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಬಾವಿಯ ರಾಟೆಯಲ್ಲಿ ಹಗ್ಗವಿರಲಿಲ್ಲ. ಚಿನ್ನಯ್ಯನವರ ಹೆಂಡತಿ ಸೇಸಮ್ಮ ತಮ್ಮ ಹಗ್ಗ ಬಿಚ್ಚಿಕೊಂಡು ಹೋಗಿದ್ದರು. ರುಕ್ಮಯ್ಯನವರ ಹೆಂಡತಿ ಸರಸ ತಮ್ಮ ಕೊಡಪಾನ ಒಳಗಿಟ್ಟಿದ್ದರು. ಬಾವಿ ಎರಡು ಮನೆಯದ್ದೂ ಆದ್ದರಿಂದ ಯಾರೂ ಮುಟ್ಟುವ ಹಾಗಿಲ್ಲ. ಸರಸ ಬೈಯಲಿಲ್ಲ. ಬೈದಿದ್ದರೆ ರುಕ್ಮಯ್ಯನವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಎರಡು ಖಾಲಿ ಕೊಡಪಾನಗಳನ್ನು ತಂದು ಅವರ ಬಿಳಿ ಪ್ಯಾಂಟಿನ ಮುಂದೆ ಇಟ್ಟು, “ಹೊಳೆ ಎಲ್ಲಿ ಉಂಟು ಅಂತ ಗೊತ್ತುಂಟಲ್ಲ?” ಎಂದರು.

ಮರುದಿನದಿಂದ ಹೆಂಚಿನ ಡಿಪೋದ ಧಣಿಗಳು ನೇತ್ರಾವತಿಯಿಂದ ಮನೆಗೆ, ಮನೆಯಿಂದ ನೇತ್ರಾವತಿಗೆ ಕೊಡಪಾನ ಹೊತ್ತು ನಡೆಯುವುದನ್ನು ಊರೆಲ್ಲ ನೋಡಿತು. ದಾರಿಯಲ್ಲಿ ಚಿನ್ನಯ್ಯನವರೂ ಕೊಡಪಾನ ಹೊತ್ತು ಎದುರಾಗುತ್ತಿದ್ದರು. ಆಗ ಇಬ್ಬರೂ ಮುಖವನ್ನು ಹೊಳೆಯ ಕಡೆಗೆ ತಿರುಗಿಸಿಕೊಂಡು ಹೋಗುತ್ತಿದ್ದರು.

ಬುದ್ಧಿ ಬೆಳೆದ ಇಬ್ಬರು ಗಂಡಸರು ಒಂದು ಚೆಂಡಿಗಾಗಿ ಆಣೆ ಹಾಕಿಕೊಂಡಿದ್ದಾರೆಂದರೆ ಯಾರು ನಂಬುತ್ತಾರೆ? ಬಿ.ಸಿ.ರೋಡಿನ ಹೋಟೆಲಿಗೆ ತಲುಪುವಷ್ಟರಲ್ಲಿ ಅದು ಜಾಗದ ತಕರಾರು ಆಗಿತ್ತು. ಶಿರಸ್ತೇದಾರರು ನೌಕರಿಯಲ್ಲಿದ್ದಾಗ ನಕ್ಷೆ ತಿದ್ದಿದ್ದರಂತೆ ಎಂದು ಒಬ್ಬರು. ಇಲ್ಲ, ಶೆಟ್ಟರು ಕತ್ತಲೆಯಲ್ಲಿ ಗಡಿಕಲ್ಲು ಜರುಗಿಸಿದ್ದರಂತೆ ಎಂದು ಇನ್ನೊಬ್ಬರು. ರುಕ್ಮಯ್ಯನವರು ಚಹಕ್ಕೆಂದು ಹೋಟೆಲಿನ ಮೆಟ್ಟಿಲು ಹತ್ತಿದರೆ ಮಾಲೀಕರು ಓಡಿಬಂದು, “ಧಣಿ, ಒಂದು ನಿಮಿಷ. ಒಳಗೆ ಶಿರಸ್ತೇದಾರ್ರು ಬನ್ಸ್ ತಿಂತಾ ಇದ್ದಾರೆ. ಅವರದ್ದು ಮುಗೀಲಿ, ಬೆಂಚು ತೊಳೆಸ್ತೇನೆ,” ಎಂದು ತಡೆದರು.

ಕೊನೆಗೆ ತಹಶೀಲ್ದಾರರು ಇಬ್ಬರನ್ನೂ ಕರೆಸಿದರು. ಅವರು ಕ್ಲಬ್ಬಿನ ಅಧ್ಯಕ್ಷರು. ರಾಜ್ಯ ಒಂದಾದ ಮೇಲೆ ಮೈಸೂರು ಕಡೆಯಿಂದ ವರ್ಗವಾಗಿ ಬಂದವರು. “ಏನ್ರೀ ಇದು, ಒಂದು ಚೆಂಡಿಗೆ ಇಷ್ಟು ರಂಪಾನಾ? ಆ ಪಾಯಿಂಟು ಇನ್ನೊಂದ್ಸಲ ಆಡ್ಬಿಡ್ರಿ, ಮುಗೀತು!”

ಆಣೆಯಾದ ಮೇಲೆ ಮೊದಲ ಬಾರಿಗೆ ರುಕ್ಮಯ್ಯನವರೂ ಚಿನ್ನಯ್ಯನವರೂ ಒಂದೇ ಅಭಿಪ್ರಾಯಕ್ಕೆ ಬಂದರು. ಇಬ್ಬರೂ ಆ ಅಧಿಕಾರಿಯನ್ನು ಕನಿಕರದಿಂದ ನೋಡಿದರು. “ಸಾರ್, ಈಗ ಇದು ಚೆಂಡಿನ ವಿಷಯ ಅಲ್ಲ,” ಎಂದರು ಚಿನ್ನಯ್ಯನವರು. “ದೇವರ ವಿಷಯ,” ಎಂದು ರುಕ್ಮಯ್ಯನವರು ಮುಗಿಸಿದರು.

ಮಾತು ಗಟ್ಟಿಯಾಗಿಯೇ ಬಂತು. ಆದರೆ ಅಲ್ಲಿ ಹೋಗಿ ತಾವೂ ಆಣೆ ಹಾಕಬೇಕಾದರೆ ಚೆಂಡು ಒಳಗೆ ಬಿದ್ದದ್ದನ್ನು ಕಣ್ಣಾರೆ ನೋಡಿರಬೇಕಲ್ಲ. ಆ ಸಂಜೆ ಸರಸ, “ನೀವು ನೋಡಿದ್ದು ಸತ್ಯ ಅಲ್ವಾ?” ಎಂದು ಕೇಳಿದಾಗ ಅವರು, “ಎಂತ ಹೇಳ್ತೀ? ತೋರಿಸ್ತೇನೆ, ಒಂದು ನಿಂಬೆಹಣ್ಣು ಎಸಿ,” ಎಂದು ರ‍್ಯಾಕೆಟ್ ಹಿಡಿದು ಅಂಗಳಕ್ಕಿಳಿದರು. ಸರಸ ಎಸೆದರು. ಇವರು ಬಾರಿಸಿದರು. ನಿಂಬೆಹಣ್ಣು ದನದ ಹಟ್ಟಿಯ ಮಾಡಿನ ಮೇಲೆ ಒಡೆಯಿತು.

“ನೀವು ಕಣ್ಣು ಮುಚ್ಚಿದ್ದೀರಿ!” ಎಂದರು ಸರಸ.

“ಇಲ್ಲ.”

ಇನ್ನೊಂದು ಎಸೆದರು. ಮತ್ತೊಂದು ಎಸೆದರು. ಉಪ್ಪಿನಕಾಯಿಗೆಂದು ತಂದ ನಿಂಬೆಹಣ್ಣುಗಳೆಲ್ಲ ಮುಗಿದವು. ಹೊಡೆಯುವ ಗಳಿಗೆಯಲ್ಲಿ ರುಕ್ಮಯ್ಯನವರ ಕಣ್ಣು ಪ್ರತಿ ಸಲವೂ ಗಟ್ಟಿಯಾಗಿ ಮುಚ್ಚಿರುತ್ತಿತ್ತು.

“ಧಾರೆಯ ಹೊತ್ತಿಗೂ ಹೀಗೇ ಮಾಡಿದ್ದು ನೀವು,” ಎಂದು ಸರಸ ತಲೆಗೆ ಕೈ ಹಚ್ಚಿ ಕುಳಿತರು. “ನೋಡದ್ದನ್ನು ನೋಡಿದ್ದೇನೆ ಅಂತ ದೇವರೆದುರು ಹೇಳ್ತೀರಾ? ಸಂಸಾರ ಇರುವ ಮನೆ ಇದು. ಈಗಲೇ ಹೋಗಿ ಚಿನ್ನಯ್ಯಣ್ಣನ ಹತ್ರ ತಪ್ಪಾಯ್ತು ಅಂತ ಹೇಳಿ.”

ರುಕ್ಮಯ್ಯನವರಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಹೇಳಿಬಿಡುವ ಎಂದು ಹೊರಟು ಅಂಗಳದ ತುದಿಯವರೆಗೂ ಹೋದರು. ಅಲ್ಲಿ ಶಿರ್ತಾಡಿಯ ಮುಂಡಪ್ಪ ಮಾವ ಎದುರಾದರು.

ಆಸ್ತಿ ಸೋದರಳಿಯನಿಗೆ ಹೋಗುವ ಅಳಿಯಸಂತಾನದವರ ಮನೆಯಲ್ಲಿ ತಾಯಿಯ ಅಣ್ಣನೆಂದರೆ ಏನೆಂದು ವಿವರಿಸುವ ಅಗತ್ಯವಿಲ್ಲ. ಮನೆತನದ ಯಜಮಾನರು, ಅವರು ಕೂತರೆ ಅಳಿಯ ನಿಲ್ಲಬೇಕು, ಅವರು ಹೂಂ ಅಂದರೆ ಇವನೂ ಹೂಂ ಅನ್ನಬೇಕು. ಈ ಮುಂಡಪ್ಪ ಮಾವನ ಅರ್ಧ ಆಯುಷ್ಯ ಗಡಿ ತಕರಾರಿನ ಕೋರ್ಟಿನಲ್ಲಿ ಕಳೆದಿತ್ತು. ಇನ್ನರ್ಧ ಅದನ್ನು ವರ್ಣಿಸುವುದರಲ್ಲಿ. ಗಂಡಸರು ಆಟ ಆಡುವುದು ಅವರಿಗೆ ಆಗದು. ಹಿಂದೊಮ್ಮೆ ಗೋಡೆಯ ಮೇಲಿನ ರ‍್ಯಾಕೆಟ್ ನೋಡಿ ಏನೆಂದು ಕೇಳಿದಾಗ ರುಕ್ಮಯ್ಯನವರು ಹೆದರಿ, ಬಾವಲಿ ಹೊಡೆಯುವ ಸಾಮಾನು ಎಂದುಬಿಟ್ಟಿದ್ದರು.

“ಆಣೆಯ ಸುದ್ದಿ ಮೂಡುಬಿದಿರೆಯ ಪೇಟೆಯಲ್ಲಿ ಸಿಕ್ಕಿತು ನನಗೆ,” ಎಂದು ಮಾವ ಜಗಲಿಯಲ್ಲಿ ಕೂತರು. “ಎಷ್ಟು ಜಾಗ?”

ರುಕ್ಮಯ್ಯನವರು ನೆಲ ನೋಡುತ್ತ ಹೇಳಿದರು. “ಹೆಚ್ಚಿಲ್ಲ ಮಾವ.”

“ಎಷ್ಟು ಅಂತ ಹೇಳು ಮಾರಾಯ.”

“ನಾಲ್ಕು… ನಾಲ್ಕು ಬೆರಳು.”

ಬಾಗಿಲ ಸಂದಿಯಲ್ಲಿ ನಿಂತಿದ್ದ ಸರಸ ಸೆರಗನ್ನು ಬಾಯಿಗೆ ತುರುಕಿಕೊಂಡರು. ಮಾವ ಬಹಳ ಹೊತ್ತು ಅಳಿಯನ ಮುಖ ನೋಡಿದರು. ಅವರ ಕಣ್ಣಲ್ಲಿ ನೀರು ಬಂತು.

“ಭೇಷ್!” ಎಂದರು. “ನೀನು ಹೆಂಚು ಮಾರಿ ಮಾರಿ ನಮ್ಮ ಮನೆತನದ ಗುಣವನ್ನೇ ಮರೆತಿದ್ದೀ ಅಂತ ಮಾಡಿದ್ದೆ. ನಾಲ್ಕು ಬೆರಳಲ್ಲ, ಅರ್ಧ ಬೆರಳಾದರೂ ಬಿಡಬಾರದು! ನಾಳೆಯೇ ಧರ್ಮಸ್ಥಳಕ್ಕೆ ಹೋಗುವ. ನಾನೂ ಬರ್ತೇನೆ.”

ಹೀಗೆ ಮರುದಿನ ಬೆಳಿಗ್ಗೆ ಧರ್ಮಸ್ಥಳದ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಮಾವ ಮತ್ತು ಅಳಿಯ, ಕೊನೆಯ ಸೀಟಿನಲ್ಲಿ ಚಿನ್ನಯ್ಯನವರು, ನಡುವೆ ಎರಡೂ ಕಡೆಗೆ ಸೇರದ ಉಮ್ಮರ್ ಬ್ಯಾರಿಯವರು ಕೂತು ಹೊರಟರು. “ನಾನು ಗುಡಿಯ ಒಳಗೆ ಬರೂದಿಲ್ಲ. ದಾರಿಯಲ್ಲಿ ನಿಮ್ಮನ್ನು ನೋಡಿಕೊಳ್ಳಲಿಕ್ಕೆ ಒಬ್ಬ ಬೇಕಲ್ಲ, ಅದಕ್ಕೆ,” ಎಂದಿದ್ದರು ಅವರು. ಚಿನ್ನಯ್ಯನವರು ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತ ಕೂತಿದ್ದರು. ಅವರ ಮುಖ ಸಪ್ಪೆಯಾಗಿತ್ತು.

ಬೆಳ್ತಂಗಡಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಇನ್ನು ಸಂಜೆಗೇ ಎಂದರು ಡ್ರೈವರು. ಬಿಸಿಲಲ್ಲಿ ನಿಂತು ಮಾಡುವುದೇನು? ಉಮ್ಮರ್ ಬ್ಯಾರಿಯವರಿಗೆ ಅಲ್ಲಿನ ಅರಣ್ಯ ಇಲಾಖೆಯ ರೇಂಜರ್ ಕುಶಾಲಪ್ಪನವರ ಪರಿಚಯವಿತ್ತು. ರೇಂಜರರ ಬಿಡಾರದ ಹಿಂದೆ ಮರದ ನೆರಳು, ನೆರಳಿನಾಚೆ ಒಂದು ಟೆನಿಸ್ ಅಂಗಳ. ರೇಂಜರರೂ ಅವರ ಗುಮಾಸ್ತರೂ ಆಗಲೇ ರ‍್ಯಾಕೆಟ್ ಹಿಡಿದು ಎದುರು ಆಡಲು ಜನ ಸಿಗದೆ ಕೂತಿದ್ದರು.

“ಬಂಟ್ವಾಳದವರಾ?” ಎಂದು ಕುಶಾಲಪ್ಪನವರು ನಕ್ಕರು. “ನಿಮ್ಮಲ್ಲಿ ಮೀನಿನ ಬಲೆ ಕಟ್ಟಿ ಆಡುವುದಂತೆ ಹೌದಾ? ಬನ್ನಿ, ಆಟ ಅಂದ್ರೆ ಎಂತ ಅಂತ ತೋರಿಸ್ತೇವೆ.”

ಬಂಟ್ವಾಳದ ಮರ್ಯಾದೆಯ ಪ್ರಶ್ನೆ. ರುಕ್ಮಯ್ಯನವರು ಚಿನ್ನಯ್ಯನವರನ್ನು ನೋಡಿದರು. ಚಿನ್ನಯ್ಯನವರು ಮರವನ್ನು ನೋಡಿದರು. ಉಮ್ಮರ್ ಬ್ಯಾರಿಯವರು ತೀರ್ಪು ಕೊಟ್ಟರು: “ನೀರು ಇಲ್ಲ, ಬೆಂಕಿ ಇಲ್ಲ, ಊಟ ಇಲ್ಲ. ಟೆನಿಸ್ ಇಲ್ಲ ಅಂತ ಎಲ್ಲಿ ಉಂಟು?”

ಅಳಿಯನ ಕೈಗೆ ಬಂದ ರ‍್ಯಾಕೆಟ್ ನೋಡಿ ಮಾವ ಎದ್ದು ನಿಂತರು. “ಇದು ಬಾವಲಿ ಹೊಡೆಯುವ ಸಾಮಾನಲ್ಲವಾ? ಎಂತ ಇದು?”

ರುಕ್ಮಯ್ಯನವರು ಆಗಲೇ ಅಂಗಳದಲ್ಲಿದ್ದರು. ವಿವರಿಸುವ ಕೆಲಸ ಉಮ್ಮರ್ ಬ್ಯಾರಿಯವರ ಪಾಲಿಗೆ ಬಂತು. “ಯಜಮಾನ್ರೇ, ಆ ಬಿಳಿ ಗೆರೆ ಕಾಣ್ತದಲ್ಲ, ಚೆಂಡು ಅದರ ಒಳಗೆ ಬಿದ್ರೆ ಹೊಡೆದವರಿಗೆ ಲಾಭ. ಹೊರಗೆ ಬಿದ್ರೆ ನಷ್ಟ.”

“ಅಂದ್ರೆ ಗಡಿ,” ಎಂದರು ಮುಂಡಪ್ಪ ಮಾವ.

ಅವರ ಮುಖದ ಬಣ್ಣವೇ ಬದಲಾಯಿತು. ಜನ ವರ್ಷಗಟ್ಟಲೆ ಕಲಿತರೂ ತಿಳಿಯದ ಆಟದ ತಿರುಳು ಅವರಿಗೆ ಒಂದು ಗಳಿಗೆಯಲ್ಲಿ ತಿಳಿಯಿತು. ಎದ್ದು ಹೋಗಿ ರೇಂಜರರ ಗೆರೆಯ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು, ಸರ್ವೆಯವರು ಸರಪಳಿ ಎಳೆಯುವಾಗ ಕೂರುವ ಹಾಗೆ, ನೆಲಕ್ಕೆ ಕಣ್ಣು ನೆಟ್ಟರು.

ರೇಂಜರ್ ಕುಶಾಲಪ್ಪನವರ ಎದುರು ಚಿನ್ನಯ್ಯನವರು ಸಜ್ಜನರೆಂದೇ ಹೇಳಬೇಕು. ರೇಂಜರರು ಪ್ರತಿ ಪಾಯಿಂಟಿಗೂ ಮೊದಲು ಬೂಟಿನ ದಾರ ಕಟ್ಟುತ್ತಿದ್ದರು. ಸೋತ ಪಾಯಿಂಟಿನಲ್ಲೆಲ್ಲ “ರೆಡಿ ಇರಲಿಲ್ಲ” ಎನ್ನುತ್ತಿದ್ದರು. ಲೆಕ್ಕ ಹೇಳುವಾಗ ಸಲೀಸಾಗಿ ಒಂದು ಪಾಯಿಂಟ್ ತಮಗೆ ಸೇರಿಸಿಕೊಳ್ಳುತ್ತಿದ್ದರು. ಅವರ ಗುಮಾಸ್ತರು ಪ್ರತಿಯೊಂದಕ್ಕೂ “ಹೌದು ಸಾರ್” ಎನ್ನುತ್ತಿದ್ದರು. ಆದರೆ ಚಿನ್ನಯ್ಯನವರು ಚೆಂಡನ್ನು ಆಕಾಶಕ್ಕೆ ಎತ್ತತೊಡಗಿದಾಗ, “ರೇಂಜರ್ರೇ, ಚಾರ್ಮಾಡಿಯ ಆ ಕಳ್ಳ ಮರದ ಲಾರಿ ಕಡೆಗೂ ಸಿಕ್ಕಿತಾ ಇಲ್ವಾ?” ಎಂದು ಸರಿಯಾದ ಗಳಿಗೆಗೆ ವಿಚಾರಿಸತೊಡಗಿದಾಗ, ಕುಶಾಲಪ್ಪನವರ ಮುಖ ಕೆಂಪಾಗುತ್ತ ಬಂತು. ಆ ವಿದ್ಯೆ ತನ್ನ ಕಡೆಯಲ್ಲಿದ್ದರೆ ಎಷ್ಟು ಸೊಗಸು ಎಂದು ರುಕ್ಮಯ್ಯನವರಿಗೆ ಅಂದೇ ಗೊತ್ತಾದದ್ದು. ಅವರಿಗೆ ಆ ಮುದುಕರ ಮೇಲೆ ಪ್ರೀತಿಯೇ ಬಂತು.

ಕೊನೆಗೆ ಎತ್ತರಕ್ಕೆ ಬಂದ ಒಂದು ಚೆಂಡನ್ನು ರುಕ್ಮಯ್ಯನವರು ಬಾರಿಸಿದರು.

“ಔಟ್!” ಎಂದರು ಕುಶಾಲಪ್ಪನವರು. “ಹೌದು ಸಾರ್,” ಎಂದರು ಗುಮಾಸ್ತರು.

“ಯಾರು ಹೇಳಿದ್ದು?” ಎಂದು ಒಂದು ಗರ್ಜನೆ ಬಂತು. ಮುಂಡಪ್ಪ ಮಾವ ಎದ್ದು ನಿಂತಿದ್ದರು. “ನಾನು ಇಲ್ಲಿ ಕಣ್ಣಿಟ್ಟು ಕೂತಿದ್ದೇನೆ. ನನ್ನ ಅಳಿಯನ ಚೆಂಡು ನಾಲ್ಕು ಬೆರಳು ಒಳಗೆ! ನೀನು ಸರಕಾರದ ಮನುಷ್ಯ, ಹೊರಗೆ ಅಂತ ಹೇಳ್ತೀಯಾ? ಹಾಗಾದ್ರೆ ಬಾ, ಬಸ್ಸು ಹೇಗೂ ಅಲ್ಲಿಗೇ ಹೋಗ್ತದೆ. ಔಟ್ ಅಂತ ಮಂಜುನಾಥನ ಆ—”

ಆ ಅಕ್ಷರ ಪೂರ್ತಿಯಾಗಲಿಲ್ಲ. ರುಕ್ಮಯ್ಯನವರು ರ‍್ಯಾಕೆಟ್ ಬಿಸಾಡಿ, ಬಲೆ ಹಾರಿ, ಕಾಲು ಸಿಕ್ಕಿ ಬಿದ್ದು, ಎದ್ದು ಓಡಿಬಂದು ಮಾವನ ಬಾಯಿಯನ್ನು ಎರಡೂ ಕೈಯಿಂದ ಮುಚ್ಚಿದರು. ಜೀವಮಾನದಲ್ಲೇ ಓಡದ ಚಿನ್ನಯ್ಯನವರು ಇನ್ನೊಂದು ಕಡೆಯಿಂದ ಓಡಿಬಂದು ಆ ಕೈಗಳ ಮೇಲೆ ತಮ್ಮ ಕೈ ಇಟ್ಟರು. ಅಳಿಯನೊಬ್ಬ ಯಜಮಾನರ ಬಾಯಿ ಮುಚ್ಚಿದ್ದು ಆ ಮನೆತನದ ಚರಿತ್ರೆಯಲ್ಲಿ ಅದೇ ಮೊದಲು.

“ಬೇಡ ಮಾವ, ಆ ಮಾತು ಬೇಡ! ನೀರು ಹೊತ್ತು ಹೊತ್ತು ಹೆಗಲು ಹೋಗಿದೆ ನಮ್ಮದು!”

ಇದನ್ನೆಲ್ಲ ನೋಡುತ್ತಿದ್ದ ಕುಶಾಲಪ್ಪನವರಿಗೆ ಯಾವ ಮಾತು ಅರ್ಧಕ್ಕೆ ನಿಂತಿದೆಯೆಂದು ಈಗ ಹೊಳೆಯಿತು. ಅವರೂ ಈ ಸೀಮೆಯವರೇ. “ಒಳಗೆ! ಒಳಗೇ ಬಿದ್ದದ್ದು ಯಜಮಾನ್ರೇ! ನಾಲ್ಕಲ್ಲ, ಎಂಟು ಬೆರಳು ಒಳಗೆ!” ಎಂದು ದೂರದಿಂದಲೇ ಕೈ ಮುಗಿದರು. “ಹೌದು ಸಾರ್,” ಎಂದರು ಗುಮಾಸ್ತರು.

ಮಾವ ಬಾಯಿ ಬಿಡಿಸಿಕೊಂಡು ಉಸಿರು ತೆಗೆದುಕೊಂಡರು. ಅಂಗಳ ನೋಡಿದರು, ಗೆರೆ ನೋಡಿದರು, ಆಮೇಲೆ ನಿಧಾನವಾಗಿ ಅಳಿಯನನ್ನು ನೋಡಿದರು. “ರುಕ್ಮಯ್ಯ. ನಿಮ್ಮ ನಾಲ್ಕು ಬೆರಳು ಅಂದ್ರೆ… ಇದೇನಾ?”

ರುಕ್ಮಯ್ಯನವರು ತಲೆ ತಗ್ಗಿಸಿದರು. “ಹೌದು ಮಾವ. ಚೆಂಡಿಗೆ.”

“ಅದನ್ನು ಮೊದಲೇ ಹೇಳುವುದಲ್ಲವಾ!” ಎಂದು ಮಾವ ಅವರ ಬೆನ್ನಿಗೆ ಒಂದು ಗುದ್ದಿದರು. “ನಾನು ಬರೀ ಜಾಗದ ತಕರಾರು ಅಂತ ಮಾಡಿದ್ದೆ!”

ಧರ್ಮಸ್ಥಳ ತಲುಪಿ, ನೇತ್ರಾವತಿಯಲ್ಲಿ ಮೀಯಲು ಇಳಿದಾಗ, ಎದೆಮಟ್ಟದ ನೀರಿನಲ್ಲಿ ನಿಂತು ರುಕ್ಮಯ್ಯನವರು ಹೇಳಿಬಿಟ್ಟರು. “ಚಿನ್ನಯ್ಯಣ್ಣ, ನಾನು ಆ ಚೆಂಡು ನೋಡಲೇ ಇಲ್ಲ. ಹೊಡೆಯುವಾಗ ಕಣ್ಣು ಮುಚ್ಚಿ ಹೋಗ್ತದೆ. ತಪ್ಪಾಯ್ತು.”

ಚಿನ್ನಯ್ಯನವರು ಒಂದು ಮುಳುಗು ಹಾಕಿ ಎದ್ದರು. “ನಾನು ನೋಡಿದ್ದೇನೆ ಅಂತ ಮಾಡಿದ್ದೀರಾ? ಕನ್ನಡಕ ಒಡೆದು ಹೋಗ್ತದೆ ಅಂತ ಮನೆಯಲ್ಲೇ ಇಟ್ಟು ಬರುವುದು. ನನಗೆ ಆ ಗೆರೆಯೇ ಕಾಣುವುದಿಲ್ಲ.”

“ಮತ್ತೆ ಔಟ್ ಅಂತ ಹೇಗೆ ಹೇಳ್ತೀರಿ?”

“ಅಂದಾಜಿಗೆ. ನೀವು ಹೊಡೆದದ್ದು ಹೆಚ್ಚಿನದ್ದು ಔಟೇ ಅಲ್ವಾ ಮಾರಾಯ್ರೆ?”

ರುಕ್ಮಯ್ಯನವರಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ನಗು ಬಂತು. ಇಷ್ಟು ದಿನ ಎದೆಯ ಮೇಲಿದ್ದ ಭಾರ ಹೊಳೆಯಲ್ಲಿ ತೇಲಿಹೋಯಿತು. ಇಬ್ಬರೂ ಒದ್ದೆ ಬಟ್ಟೆಯಲ್ಲೇ ಹೋಗಿ ದೇವರಿಗೆ ಅಡ್ಡಬಿದ್ದು, ತಪ್ಪು ಕಾಣಿಕೆ ಹಾಕಿ, ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಒಂದೇ ಪಂಕ್ತಿಯಲ್ಲಿ ಪಕ್ಕಪಕ್ಕದಲ್ಲಿ ಕೂತು ಉಂಡರು. ಇನ್ನು ಆಟದಲ್ಲಿ ದೇವರ ಹೆಸರು ಎತ್ತುವುದಿಲ್ಲ, ಗೆರೆಯ ಮೇಲೆ ಜಗಳ ಮಾಡುವುದಿಲ್ಲ ಎಂದು ಅಲ್ಲೇ ಮಾತು ಕೊಟ್ಟುಕೊಂಡರು. ಬಂಟ್ವಾಳಕ್ಕೆ ಬಂದಾಗ ಬಾವಿಯ ರಾಟೆಗೆ ಹಗ್ಗ ಬಂದಿತ್ತು. ಸರಸ ಮತ್ತು ಸೇಸಮ್ಮ ಅದರ ಕಟ್ಟೆಯ ಮೇಲೆ ಕೂತು ಗಂಡಂದಿರ ಬಗ್ಗೆ ಮಾತಾಡಿ ಮುಗಿಸುವುದಕ್ಕೆ ಒಂದಿಡೀ ಮಧ್ಯಾಹ್ನ ಬೇಕಾಯಿತು.

ಇಲ್ಲಿಗೆ ಎಲ್ಲ ಸುಖವಾಯಿತು ಎನ್ನಬಹುದಿತ್ತು. ಆದರೆ ಮುಂಡಪ್ಪ ಮಾವ ಶಿರ್ತಾಡಿಗೆ ಹೋಗಲಿಲ್ಲ.

ಮರುದಿನ ಸಂಜೆ ರುಕ್ಮಯ್ಯನವರು ಕ್ಲಬ್ಬಿಗೆ ಹೊರಟಾಗ ಮಾವ ಪಂಚೆ ಎತ್ತಿಕಟ್ಟಿ ಮೆಟ್ಟಿಲಲ್ಲಿ ಕಾಯುತ್ತಿದ್ದರು. ಗೋಡೆಯ ಮೇಲಿದ್ದ ಹೊಸ ರ‍್ಯಾಕೆಟ್ ಅವರ ಕೈಯಲ್ಲಿತ್ತು. ಅಂಗಳದಲ್ಲಿ ಒಂದು ಕಡೆ ಮಾವ ಒಬ್ಬರೇ, ಇನ್ನೊಂದು ಕಡೆ ರುಕ್ಮಯ್ಯನವರು ಮತ್ತು ಚಿನ್ನಯ್ಯನವರು. ಸೇಸಮ್ಮನ ಆಜ್ಞೆಯಂತೆ ಚಿನ್ನಯ್ಯನವರು ಅಂದು ಕನ್ನಡಕ ಹಾಕಿ ಬಂದಿದ್ದರು. ಹೆಂಡತಿಯ ಆಜ್ಞೆಯಂತೆ ರುಕ್ಮಯ್ಯನವರು ಎರಡೂ ಕಣ್ಣುಗಳನ್ನು ಅಗಲವಾಗಿ ತೆರೆದಿದ್ದರು.

ಮಾವ ಕೊಡಲಿ ಬೀಸುವ ಹಾಗೆ ಬೀಸಿದರು. ಚೆಂಡು ಬಲೆ ದಾಟಿತು, ಇವರಿಬ್ಬರ ತಲೆ ದಾಟಿತು, ಗೆರೆ ದಾಟಿತು, ಬೇಲಿ, ರಸ್ತೆ, ದೋಣಿ ಕಟ್ಟುವ ಕಟ್ಟೆ ಎಲ್ಲ ದಾಟಿ ನೇತ್ರಾವತಿಯ ನಡುವಿಗೆ ಹೋಗಿ ಬಿತ್ತು. ಇಬ್ಬರಿಗೂ ಬಹಳ ಸ್ಪಷ್ಟವಾಗಿ ಕಂಡಿತು. ಬೆಂಚಿನ ಮೇಲೆ ಉಮ್ಮರ್ ಬ್ಯಾರಿಯವರು ಛತ್ರಿ ಬಿಡಿಸಿ ಅದರ ಹಿಂದೆ ಮುಖ ಮರೆಸಿಕೊಂಡರು.

“ಒಳಗೋ, ಹೊರಗೋ?” ಎಂದು ಮಾವ ಗಂಭೀರವಾಗಿ ಕೇಳಿದರು.

ರುಕ್ಮಯ್ಯನವರು ಚಿನ್ನಯ್ಯನವರನ್ನು ನೋಡಿದರು. ಚಿನ್ನಯ್ಯನವರು ಕನ್ನಡಕ ತೆಗೆದು ಒರೆಸತೊಡಗಿದರು.

“ಒಳಗೆ, ಮಾವ,” ಎಂದರು ರುಕ್ಮಯ್ಯನವರು.

“ಒಳಗೇ, ಯಜಮಾನ್ರೇ,” ಎಂದರು ಚಿನ್ನಯ್ಯನವರು.

ಮಾವ ತೃಪ್ತಿಯಿಂದ ತಲೆಯಾಡಿಸಿ ಇನ್ನೊಂದು ಚೆಂಡಿಗಾಗಿ ಕೈ ಚಾಚಿದರು. “ನನಗೂ ಹಾಗೇ ಕಂಡದ್ದು,” ಎಂದರು.